ಅತ್ತೆಯ ಮೌನ, ಅಳಿಯನ ಕೊಳಲು

ಲ್ಯಾಪ್‌ಟಾಪ್ ಒಂದು ಪ್ರಶ್ನೆ ಕೇಳಿತು, ಅಷ್ಟೇ. ಅಷ್ಟಕ್ಕೇ ಬೆಳಗಾವಿ ಶಹಾಪುರದ ಉತ್ತಮ ಎಂಬವನು ಸಂಜೆ ಹೊತ್ತಿಗೆ ಖಾನಾಪುರದಲ್ಲಿ ತನ್ನ ಅತ್ತೆಯ ಮನೆ ಕಟ್ಟೆಯ ಮೇಲೇ ಕಳ್ಳನಾಗಿ ಕೂಡಬೇಕಾಯಿತು ಅಂದರೆ ನೀವು ನಂಬಲಿಕ್ಕಿಲ್ಲ. ಬೇಕಾದರೆ ಖಾನಾಪುರದವರನ್ನೇ ಕೇಳ್ರಿ, ಆ ಓಣಿಯಲ್ಲಿ ಇವತ್ತಿಗೂ ಅದೇ ಮಾತು.

ಉತ್ತಮ ಹುಟ್ಟಿದ್ದೇ ಮಗ್ಗದ ಸದ್ದಿನಲ್ಲಿ. ಅವನ ಮನೆಯ ಆಚೆಗೊಂದು, ಈಚೆಗೊಂದು ಪವರ್‌ಲೂಮಿನ ಶೆಡ್ಡು. ಹಗಲೂ ರಾತ್ರಿ ಖಟಾಖಟ್ ಖಟಾಖಟ್. ಹೊಟ್ಟೆಪಾಡಿಗೆ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಗುಮಾಸ್ತಿಕೆ, ಅಲ್ಲಿ ಕಬ್ಬಿಣವನ್ನು ಕಬ್ಬಿಣದಿಂದ ಬಡಿಯುವ ಸದ್ದು. ಇಂಥವನು ಕನಸುಗಾರನಾಗದೆ ಇನ್ನೇನು ಆಗಬೇಕು ಹೇಳ್ರಿ. ಕಿವಿ ಮುಚ್ಚಿಕೊಳ್ಳಲಿಕ್ಕೆ ಆಗುತ್ತಿರಲಿಲ್ಲ, ಅದಕ್ಕೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಟೇಬಲ್ಲಿನ ಮುಂದೆ ಪೆನ್ನು ಹಿಡಿದುಕೊಂಡೇ ಎಲ್ಲಿಗೋ ಹೋಗಿಬಿಡುತ್ತಿದ್ದ. ಲಾರಿ ಡ್ರೈವರ್ ಬಂದು ಭುಜ ಹಿಡಿದು ಅಲುಗಾಡಿಸಿದರೆ ಮಾತ್ರ ವಾಪಸು.

ಹೋಗುತ್ತಿದ್ದದ್ದು ಒಂದೇ ಜಾಗಕ್ಕೆ. ಮದುವೆಯಾದ ಹೊಸತರಲ್ಲಿ ಖಾನಾಪುರದ ಅತ್ತೆಮನೆಯ ಅಟ್ಟದ ಮೇಲೆ ಒಂದು ಮಧ್ಯಾಹ್ನ ಮಲಗಿದ್ದಾಗ, ಅರೆನಿದ್ದೆಯಲ್ಲಿ, ಯಾರ ಮನೆಯ ರೇಡಿಯೋದಿಂದಲೋ ಒಂದು ಕೊಳಲು ಕೇಳಿಸಿತ್ತು. ಹೆಂಚಿನ ಸಂದಿಯಿಂದ ಬಿಸಿಲಿನ ಕೋಲು ಇಳಿದ ಹಾಗೆ ಆ ಸ್ವರ ಇಳಿದು ಅವನ ಎದೆಯ ಮೇಲೆ ಕುಳಿತಿತ್ತು. ಎದ್ದು ನೋಡುವಷ್ಟರಲ್ಲಿ ಮುಗಿದೇ ಹೋಗಿತ್ತು. ಯಾರು ನುಡಿಸಿದ್ದು, ಯಾವ ರಾಗ, ಒಂದೂ ಗೊತ್ತಿಲ್ಲ. ಅಂದಿನಿಂದ ಅವನ ಜೀವನದಲ್ಲಿ ಆಸೆ ಅಂತ ಇದ್ದದ್ದು ಅದೊಂದೇ: ಆ ಕೊಳಲನ್ನು ಇನ್ನೊಂದು ಸಲ, ಪೂರ್ತಿ, ನಿಶ್ಶಬ್ದದಲ್ಲಿ ಕೇಳಬೇಕು.

ಹೋದ ವಾರ ಅದು ಸಿಕ್ಕಿತು. ಮೊಬೈಲಿನ ಹಾಡಿನ ಆ್ಯಪಿನಲ್ಲಿ ಏನೋ ಹುಡುಕುತ್ತಿದ್ದಾಗ ತಾನಾಗಿಯೇ ಬಂದು ಕಿವಿಗೆ ಬಿತ್ತು. ಉತ್ತಮನ ಕಣ್ಣಲ್ಲಿ ನೀರೇ ಬಂತು. ಆದರೆ ಅವನ ಮೊಬೈಲಿನ ಸ್ಪೀಕರಿನಲ್ಲಿ ಕೊಳಲು ಅಂದರೆ ಕಡ್ಡಿಪೆಟ್ಟಿಗೆಯೊಳಗೆ ಸಿಕ್ಕ ದುಂಬಿ. ಅದಕ್ಕೆ ಅವನು ಆಫೀಸಿನವರು ಮೂಲೆಗೆ ಎಸೆದಿದ್ದ ಹಳೇ ಲ್ಯಾಪ್‌ಟಾಪು ಕೇಳಿ ತಂದ. ಅದರ ಸ್ವಂತ ದನಿ ಸತ್ತಿತ್ತು, ಇರಲಿ, ಮನೆಯಲ್ಲಿದ್ದ ಎರಡು ದೊಡ್ಡ ಸ್ಪೀಕರು ಒರೆಸಿ ಜೋಡಿಸಿದ. ಅಮಾವಾಸ್ಯೆ ಬರಲಿ ಅಂತ ಕಾಯ್ದ. ಅಮಾವಾಸ್ಯೆಗೆ ನೇಕಾರರು ಮಗ್ಗ ಹಾಕುವುದಿಲ್ಲ. ತಿಂಗಳಿಗೆ ಅದೊಂದು ದಿನ ಶಹಾಪುರದ ಆ ಓಣಿ ಉಸಿರು ಬಿಟ್ಟುಕೊಂಡು ಮಲಗುತ್ತದೆ.

ದೇವರ ದಯೆ, ಅದೇ ದಿನ ಹೆಂಡತಿ ಅನುಜಾಳ ತಂಗಿ ಪೂನಮ್ ಸಾಂಬ್ರಾದಲ್ಲಿ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿ, ರಜೆ ಸಿಕ್ಕದ್ದು ಅವತ್ತೇ ಅಂತ ಅಮಾವಾಸ್ಯೆಯನ್ನೂ ನೋಡದೆ ಇಟ್ಟುಕೊಂಡದ್ದು. ಅತ್ತೆಯೊಬ್ಬರನ್ನು ಬಿಟ್ಟು ತವರುಮನೆಯವರೆಲ್ಲ ಅಲ್ಲಿಗೆ. ಉತ್ತಮ ಮುಂಜಾನೆ ಎದ್ದವನೇ ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟ. ಅನುಜಾ ಓಂಕಾಳು ಕುದಿಸಿಕೊಟ್ಟು, ಹಣೆ ಮುಟ್ಟಿ ನೋಡಿ, ಮರುಗುತ್ತ ಒಬ್ಬಳೇ ಹೋದಳು. ಅವಳು ಓಣಿ ತಿರುಗಿದ್ದೇ ತಡ, ಹೊಟ್ಟೆನೋವು ಗುಣವಾಯಿತು.

ಬಾಗಿಲು ಹಾಕಿದ, ಚಾಪೆ ಹಾಸಿದ, ಲ್ಯಾಪ್‌ಟಾಪ್ ತೆರೆದ. ಹಾಡಿನ ಆ್ಯಪು ಹಾಕಿದ. ಆಗಲೇ ಅದು ಕೇಳಿದ್ದು: ‘ಈ ಲ್ಯಾಪ್‌ಟಾಪ್ ನಮಗೆ ಹೊಸದು. ಇದು ನಿಮ್ಮದೇ ಎಂದು ಖಾತ್ರಿಯಾಗಲು, ನಿಮ್ಮ ಮೊಬೈಲಿಗೆ ಬಂದಿರುವ ಕೋಡ್ ಹಾಕಿ.’

ಉತ್ತಮ ತನ್ನ ಮೊಬೈಲ್ ನೋಡಿದ. ಯಾವ ಕೋಡೂ ಬಂದಿರಲಿಲ್ಲ. ಆಮೇಲೆ ನೆನಪಾಯಿತು. ಆ ಖಾತೆ ಅವನದಲ್ಲ, ಅತ್ತೆ ಅಕ್ಕಾತಾಯಿಯದು. ಅವರ ಫೋನಿನ ರೀಚಾರ್ಜ್ ಜೊತೆಗೆ ಹಾಡು ಪುಕ್ಕಟೆ ಬಂದಿತ್ತು. ಅವರಿಗೆ ಅದು ಬಂದದ್ದೇ ಗೊತ್ತಿಲ್ಲ. ಅಳಿಯನಾದರೂ ಕೇಳಲಿ ಅಂತ ಭಾವಮೈದುನ ಸುಯೋಗ ಯಾವತ್ತೋ ಇವನ ಮೊಬೈಲಿಗೆ ಹಾಕಿಕೊಟ್ಟಿದ್ದ. ಕೋಡ್ ಈಗ ಖಾನಾಪುರದಲ್ಲಿ ಅತ್ತೆಯ ಫೋನಿನೊಳಗೆ ಕುಳಿತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಾಗೆ.

ಫೋನ್ ಹಚ್ಚಿದ. ಅತ್ತೆ ಎತ್ತಿದರು. “ಅತ್ತಿಯಾರ, ನಾ ಉತ್ತಮ.” ಆ ಕಡೆಯಿಂದ ಉಸಿರಿನ ಸದ್ದು ಮಾತ್ರ. ಮತ್ತೆ ಕರೆದ. ಟಕ್ ಟಕ್ ಅಂತ ಉಗುರಿನಿಂದ ಫೋನ್ ಬಡಿದ ಸಪ್ಪಳ.

ಉತ್ತಮ ಹಣೆ ಹಣೆ ಬಡಿದುಕೊಂಡ. ಚಾತುರ್ಮಾಸ! ಅತ್ತೆ ಬಸದಿಗೆ ಬಂದಿದ್ದ ಜೈನ ಮುನಿ ಮಹಾರಾಜರ ಮುಂದೆ ನೇಮ ತಗೊಂಡಿದ್ದರು, ಅಮಾವಾಸ್ಯೆ ದಿನ ಸೂರ್ಯ ಮುಳುಗುವವರೆಗೆ ಮೌನ. ಮಗಳ ಮನೆ ವಾಸ್ತುಶಾಂತಿಯನ್ನೂ ಬಿಟ್ಟು ಮನೆಯಲ್ಲೇ ಉಳಿದದ್ದು ಅದಕ್ಕೇ. ನೇಮ ಅಂದರೆ ನೇಮ. ಬರೆದು ತೋರಿಸಿದರೂ ಅದು ಮಾತೇ ಅಂತ ಮಹಾರಾಜರು ಹೇಳಿದ್ದರಿಂದ ಬರೆಯುವುದೂ ಇಲ್ಲ. ಸನ್ನೆಗೆ ಮಾತ್ರ ಅಡ್ಡಿ ಇಲ್ಲ.

ಆದರೆ ಬಡಿಯಬಹುದಲ್ಲ! ಉತ್ತಮ ವಿನಯದಿಂದ ಕೇಳಿಕೊಂಡ: ಈಗೊಂದು ಕೋಡ್ ಬಂದಿರುತ್ತದೆ, ಒಂದೊಂದು ಅಂಕಿಗೆ ಅಷ್ಟಷ್ಟು ಸಲ ಬಡೀರಿ. ಅಕ್ಕಾತಾಯಿ ಸೂಕ್ಷ್ಮ ಬುದ್ಧಿಯವರು, ತಕ್ಷಣ ಹಿಡಿದರು. ನಾಲ್ಕು ಬಡಿದರು. ಏಳು ಬಡಿದರು. ಆಮೇಲೆ ನಿಂತುಬಿಟ್ಟರು. ಉತ್ತಮ ಕಾಯ್ದ. ಎಷ್ಟು ಹೊತ್ತಾದರೂ ಸದ್ದಿಲ್ಲ. “ಅತ್ತಿಯಾರ, ಅದೀರಿ?” ಅಂದ. ಟಕ್ ಅಂತ ಬಡಿದರು. ಅದನ್ನು ಒಂದು ಅಂತ ಬರೆದುಕೊಂಡ. ನಿಂತದ್ದು ಸೊನ್ನೆ ಅಂತ ತಿಳಿಯುವಷ್ಟರಲ್ಲಿ ಕೋಡಿನ ಅವಧಿ ಮುಗಿದೇ ಹೋಗಿತ್ತು.

ಇಷ್ಟರಲ್ಲಿ ಬಾಜು ಮನೆಯ ಗುರುಪುತ್ರಪ್ಪ ಕಿಟಕಿಯಲ್ಲಿ ಮುಖ ಹಾಕಿದ್ದ. ಗುರುಪುತ್ರಪ್ಪ ನೇಕಾರ. ಅಮಾವಾಸ್ಯೆ ದಿನ ಅವನಿಗೆ ಕೈಯಲ್ಲಿ ಕೆಲಸವಿಲ್ಲ, ಬಾಯಲ್ಲಿ ಬೇಕಾದಷ್ಟು. ಜೀವಮಾನವೆಲ್ಲ ಮಗ್ಗದ ಸದ್ದನ್ನು ಮೀರಿ ಮಾತಾಡಿ ರೂಢಿಯಾದವನು, ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ವಿಷಯ ತಿಳಿದುಕೊಂಡು, ಖಾನಾಪುರ ಏನು ಕಾಶಿಯೇ, ಬಸ್ ಹತ್ತಿದರೆ ಬಂತು, ಎದುರಿಗೆ ಕುಂತು ಬೆರಳು ಎಣಿಸಿದರೆ ಮುಗೀತು, ನಾನೂ ಬರ್ತೀನಿ ಅಂದ. ಬೇಡ ಅನ್ನುವುದು ಉತ್ತಮನಿಗೆ ಹುಟ್ಟಾ ಬರುತ್ತಿರಲಿಲ್ಲ. ಅನುಜಾ ಬರುವುದರೊಳಗೆ ಹೋಗಿ ಬಂದು, ಹಾಸಿಗೆ ಸೇರಿ, ಕೊಳಲೂ ಕೇಳಿ ಮುಗಿಸಬಹುದು ಅಂತ ಲೆಕ್ಕ ಹಾಕಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಬಸ್ಸಿನ ಹೊರಗೆ ಜಿಟಿಜಿಟಿ ಮಳೆ, ಗದ್ದೆಯ ಮೇಲೆ ಮೋಡ ಬಂದು ಕುಳಿತಿತ್ತು. ಉತ್ತಮ ಕಿಟಕಿಗೆ ತಲೆ ಆನಿಸಿ ಆಗಲೇ ಅರ್ಧ ಕೊಳಲಿನೊಳಗೆ ಹೋಗಿದ್ದ. ಬಸ್ಸಿನ ಒಳಗೆ ಗುರುಪುತ್ರಪ್ಪ ಕಂಡಕ್ಟರಿನಿಂದ ಹಿಡಿದು ಹಿಂದಿನ ಸೀಟಿನ ಅಜ್ಜಿಯವರೆಗೆ ಎಲ್ಲರಿಗೂ, ನಾವು ಅತ್ತಿಯ ಕಡೆಯಿಂದ ಕೋಡ್ ತರಲಿಕ್ಕೆ ಹೊಂಟೀವಿ ಅಂತ ಸಾರಿದ. ಬಸ್ಸು ಗಂಭೀರವಾಯಿತು. ಕೋಡ್ ಯಾರಿಗೂ ಹೇಳಬಾರದು, ಫೋನ್ ಹಚ್ಚಿದರೆ ಗಂಟೆ ಬಾರಿಸುವ ಮೊದಲೇ ಅದನ್ನೇ ಹೇಳುತ್ತಾರೆ, ಒಬ್ಬ ಮುದುಕಿಯ ಕಡೆಯಿಂದ ಕೋಡ್ ಕೇಳುವ ಇವರು ಎಂಥ ಮಂದಿ ಅಂತ ಅಜ್ಜಿ ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಉತ್ತಮನಿಗೆ ಇದೊಂದೂ ಕೇಳಿಸಲಿಲ್ಲ. ಕೇಳಿಸಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದನೋ ಏನೋ.

ಅಕ್ಕಾತಾಯಿ ಅಂಗಳದಲ್ಲಿ ಜಪಮಾಲೆ ಹಿಡಿದು ಕುಳಿತಿದ್ದರು. ಅಳಿಯನನ್ನು ನೋಡಿ ಮುಖ ಅರಳಿತು, ಕೈ ಮಾಡಿ ಕೂಡಿಸಿದರು. ಉತ್ತಮ ಲ್ಯಾಪ್‌ಟಾಪ್ ತೆಗೆದು ಅತ್ತೆಯ ಫೋನಿಗೆ ಹೊಸ ಕೋಡ್ ತರಿಸಿದ. ಅತ್ತೆ ಫೋನ್ ನೋಡಿ ಬೆರಳು ತೋರಿಸತೊಡಗಿದರು. ಎಲ್ಲ ಸರಿಯಾಗಿ ನಡೆದಿತ್ತು. ಉತ್ತಮ ಒಂದೊಂದು ಅಂಕಿಯನ್ನೂ ನಿಧಾನವಾಗಿ, ಕನಸಿನಲ್ಲಿ ಇದ್ದವನ ಹಾಗೆ ಒತ್ತುತ್ತಿದ್ದ. ಗುರುಪುತ್ರಪ್ಪನಿಗೆ ತಡೆಯಲಾಗಲಿಲ್ಲ.

“ಅವ್ವಾರ, ಕೋಡ್ ತೋರಿಸ್ರಿ! ಲಗೂನ ತೋರಿಸ್ರಿ, ಟೈಮ್ ಮುಗೀತೈತಿ!”

ಶಹಾಪುರದ ಮಗ್ಗದ ದನಿ ಖಾನಾಪುರದ ಓಣಿಯ ಆ ತುದಿಯನ್ನು ಮುಟ್ಟಿ ಬಂತು. ಅದೇ ಹೊತ್ತಿಗೆ ಅಕ್ಕಾತಾಯಿಯ ಕೋಡಿನಲ್ಲಿ ಸೊನ್ನೆ ಬರಬೇಕೇ! ಸೊನ್ನೆಗೆ ಬೆರಳಿಲ್ಲವಲ್ಲ, ಅವರು ಮುಷ್ಟಿ ಕಟ್ಟಿ ಗಾಳಿಯಲ್ಲಿ ಆಡಿಸಿದರು. ಎದುರುಮನೆಯ ಕಾಂತಾ ಬಾಗಿಲಿಗೆ ಬಂದು ನೋಡಿದ್ದು ಇಷ್ಟು: ಪರವೂರಿನ ಇಬ್ಬರು ಗಂಡಸರು, ನಡುವೆ ಲ್ಯಾಪ್‌ಟಾಪ್, ಒಬ್ಬ ಕೋಡ್ ಕೋಡ್ ಅಂತ ಗದರಿಸುತ್ತಿದ್ದಾನೆ, ಬಾಯಿ ಬಿಡಲಾಗದ ಪಾಪದ ಕಾಕು (ಓಣಿಯವರು ಅಕ್ಕಾತಾಯಿಯನ್ನು ಕರೆಯುವುದೇ ಹಾಗೆ) ಮುಷ್ಟಿ ತೋರಿಸಿ ಓಡಿಸುತ್ತಿದ್ದಾರೆ.

ಕಾಂತಾ ಆ ಓಣಿಗೆ ಬಾಡಿಗೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕೋಡ್ ಹೇಳಿ ಕೈ ಸುಟ್ಟುಕೊಂಡವರ ಕತೆಯನ್ನು ದಿನಾ ಮೊಬೈಲಿನಲ್ಲಿ ನೋಡುವ ಹೆಂಗಸು. “ಕಾಕು, ಸಾಂಗೂ ನಕಾ! ಹೇಳಬ್ಯಾಡ್ರಿ!” ಅಂತ ಒದರುತ್ತ ಬಂದವಳೇ ಲ್ಯಾಪ್‌ಟಾಪ್ ಕಿತ್ತುಕೊಂಡಳು. ಹಿಂದೆಯೇ ಓಣಿ ಬಂತು. ಪೊಲೀಸರು ಅನ್ನುವ ಶಬ್ದ ಯಾರ ಬಾಯಿಂದಲೋ ಬಿದ್ದದ್ದೇ ತಡ, ಗುರುಪುತ್ರಪ್ಪ ಸಾಕ್ಷಿ ಕರಕೊಂಡು ಬರ್ತೀನಿ ಅಂತ ಹೊರಗೆ ಹೋದ. ಹೋದವನು ಸೀದಾ ಬೆಳಗಾವಿಯ ಬಸ್ ಹತ್ತಿದ.

ಉತ್ತಮ ತಾನು ಈ ಮನೆಯ ಅಳಿಯ ಅಂದ. ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ವರ್ಷಕ್ಕೊಮ್ಮೆ ಬಂದರೆ ಹೆಚ್ಚು, ಬಂದರೂ ಅಟ್ಟ ಹತ್ತಿ ಕಣ್ಣು ಮುಚ್ಚಿ ಮಲಗುವ ಮನುಷ್ಯ. ಆಧಾರ ಕಾರ್ಡ್ ತೋರಿಸಿದ. ಮೂಲೆಮನೆಯ ಭೀಮಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದರಾಗ ಅಪ್ಪನ ಹೆಸರ ಐತಿ, ಅತ್ತಿ ಹೆಸರ ಎಲ್ಲೈತಿ?” ಅಂದಳು. ಅದಕ್ಕೆ ಸರ್ಕಾರದ ಹತ್ತಿರವೂ ಉತ್ತರ ಇರಲಿಕ್ಕಿಲ್ಲ.

ಅಕ್ಕಾತಾಯಿ ಮಾತ್ರ ಸುಮ್ಮನೆ ಇರಲಿಲ್ಲ. ಪಾಪ, ಕೈ ಬೀಸಿದರು, ತಲೆ ಅಲ್ಲಾಡಿಸಿದರು, ಉತ್ತಮನ ಕಡೆ ತೋರಿಸಿ ಎದೆ ಮುಟ್ಟಿಕೊಂಡರು. ಎದೆ ನೋವು ಬಂದೈತಿ ಅಂತ ಇಬ್ಬರು ನೀರು ತಂದರು. ಕೊನೆಗೆ ಒಳಗೆ ಹೋಗಿ ಮಗಳ ಮದುವೆಯ ಫೋಟೋ ತಂದು ಹಿಡಿದರು. ಫೋಟೋದಲ್ಲಿ ಅನುಜಾ ಚಂದಾಗಿ ಬಂದಿದ್ದಳು. ವರನ ಮುಖದ ಮೇಲೆ ಬಾಸಿಂಗ ಜೋಲಾಡುತ್ತಿತ್ತು, ಕಾಣುತ್ತಿದ್ದದ್ದು ಗದ್ದ ಮಾತ್ರ. ಓಣಿಯ ಜನ ಒಬ್ಬೊಬ್ಬರಾಗಿ ಬಗ್ಗಿ ಉತ್ತಮನ ಗದ್ದ ನೋಡಿದರು. ಗದ್ದ ಯಾರದಾದರೂ ಹಾಗೇ ಇರುತ್ತದೆ ಅಂತ ತೀರ್ಮಾನವಾಯಿತು.

ಊಟದ ಹೊತ್ತಾಯಿತು. ಅತ್ತೆಗೆ ಕರುಳು ಕೇಳಬೇಕಲ್ಲ, ಒಳಗಿನಿಂದ ತಾಟು ತಂದು ಅಳಿಯನ ಮುಂದೆ ಇಟ್ಟರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೇಲೊಂದು ಚಮಚ ತುಪ್ಪ. ಈಗಲಾದರೂ ತಿಳಿಯಿತಲ್ಲ ಅಂತ ಉತ್ತಮ ಓಣಿಯ ಕಡೆ ನೋಡಿದ. ಓಣಿಯ ಕಣ್ಣು ಒದ್ದೆಯಾಗಿತ್ತು. “ನೋಡ್ರಿ, ಕಳ್ಳಗೂ ತುಪ್ಪ ಹಾಕ್ತಾರ. ಜೈನರ ಧರ್ಮ ಅಂದ್ರ ಇದು,” ಅಂದಳು ಭೀಮಕ್ಕ. ಉತ್ತಮ ರೊಟ್ಟಿ ಮುರಿದ. ಹಸಿವೆಯಂತೂ ಖರೇನೇ ಆಗಿತ್ತು.

ಕಾಂತಾ ಜಾಣೆ. ಕಾಕುವಿನ ಫೋನಿನಲ್ಲಿ ಅನುಜಾಳ ನಂಬರ್ ಹುಡುಕಿ ಹಚ್ಚಿ, ಸ್ಪೀಕರಿಗೆ ಹಾಕಿದಳು. ನಿಮ್ಮ ಮನೆಯವರು ಖಾನಾಪುರಕ್ಕೆ ಬಂದಿದ್ದಾರೆಯೇ ಅಂತ ಕೇಳಿದಳು. ಸಾಂಬ್ರಾದ ಗದ್ದಲದ ನಡುವಿನಿಂದ ಅನುಜಾಳ ದನಿ ಸ್ಪಷ್ಟವಾಗಿ ಬಂತು.

“ಇಲ್ಲಲ್ರಿ. ಪಾಪ, ಅವ್ರು ಹೊಟ್ಟಿ ನೂಸಾಕತ್ತೈತಂತ ಮನ್ಯಾಗ ಮಲಗ್ಯಾರ. ಅಲ್ಲಿ ಬಂದವ ಯಾವನೋ ಏನೋ, ಬಿಡಬ್ಯಾಡ್ರಿ ಅವನ್ನ.”

ಕಾಂತಾ ಫೋನನ್ನು ಉತ್ತಮನ ಬಾಯಿಯ ಹತ್ತಿರ ಹಿಡಿದಳು. ಮಾತಾಡು, ನೀನು ಗಂಡನಾದರೆ ಹೆಂಡತಿಗೆ ದನಿ ಗುರುತು ಸಿಗೂದಿಲ್ಲೇನು ಅಂದಳು. ಉತ್ತಮ ಬಾಯಿ ತೆರೆದ. ಒಂದು ಮಾತು ಸಾಕಿತ್ತು. ಆದರೆ ಆ ಒಂದು ಮಾತಿನ ಹಿಂದೆ ಓಂಕಾಳಿನ ಕಷಾಯ ಬರುತ್ತಿತ್ತು, ಹಣೆಯ ಮೇಲಿಟ್ಟ ಕೈ ಬರುತ್ತಿತ್ತು, ವಾಸ್ತುಶಾಂತಿಗೆ ಒಬ್ಬಳೇ ಹೋದ ಅವಮಾನ ಬರುತ್ತಿತ್ತು. ಕಳ್ಳನನ್ನು ಪೊಲೀಸರು ನಾಲ್ಕು ದಿನಕ್ಕೆ ಬಿಟ್ಟಾರು, ಸುಳ್ಳು ಹೇಳಿದ ಗಂಡನನ್ನು ಹೆಂಡತಿ ಬಿಡುತ್ತಾಳೆಯೇ? ಉತ್ತಮ ಬಾಯಿ ಮುಚ್ಚಿದ. ಅತ್ತೆಯ ಜೊತೆ ಅಳಿಯನೂ ಮೌನ ಹಿಡಿದ ಹಾಗಾಯಿತು.

ಇನ್ನು ಉಳಿದದ್ದು ಒಂದೇ ದಾರಿ. ಹೊತ್ತು ಮುಳುಗಿದ ಮೇಲೆ ಕಾಕು ಮಾತಾಡುತ್ತಾರೆ, ಅವರೇ ಹೇಳಲಿ, ಆಮೇಲೆ ಪೊಲೀಸರು ಅಂತ ಓಣಿ ನಿರ್ಣಯಿಸಿತು. ಎಲ್ಲರೂ ಕಟ್ಟೆಯ ಮೇಲೆ ಕುಳಿತರು. ಲ್ಯಾಪ್‌ಟಾಪು ಕಾಂತಾಳ ತೊಡೆಯ ಮೇಲೆ, ಉತ್ತಮ ನಡುವೆ.

ಮಳೆ ನಿಂತಿತ್ತು. ಹೆಂಚಿನಿಂದ ಒಂದೊಂದೇ ಹನಿ ಬೀಳುತ್ತಿತ್ತು. ಬಣ್ಣ ಕಳೆದುಕೊಂಡ ಆಕಾಶದಲ್ಲಿ ಸೂರ್ಯ ಎಲ್ಲಿದ್ದಾನೆ ಅಂತ ಯಾರಿಗೂ ಕಾಣಿಸದು. ಮುಳುಗಿದ ಅಂತ ಭೀಮಕ್ಕ, ಇನ್ನೂ ಇದ್ದಾನೆ ಅಂತ ಕಾಂತಾ. ಅಕ್ಕಾತಾಯಿ ಯಾರ ಮಾತಿಗೂ ಹೋಗದೆ ಜಪಮಾಲೆ ತಿರುಗಿಸುತ್ತಿದ್ದರು. ಓಣಿಯ ಮಂದಿ ವಾದ ಮಾಡಿ ಮಾಡಿ ದಣಿದು, ಒಬ್ಬೊಬ್ಬರಾಗಿ ಸುಮ್ಮನಾದರು. ಉತ್ತಮನಿಗೆ ವಿಚಿತ್ರ ಸುಖವಾಯಿತು. ಎಷ್ಟು ವರ್ಷಕ್ಕೆ ಇಂಥ ಶಾಂತಿ! ಮಗ್ಗವಿಲ್ಲ, ಕಬ್ಬಿಣವಿಲ್ಲ, ಗುರುಪುತ್ರಪ್ಪನೂ ಇಲ್ಲ. ಈಗ ಆ ಕೊಳಲೊಂದು ಇದ್ದಿದ್ದರೆ ಕಳ್ಳನಾಗಿಯೇ ಸತ್ತರೂ ಅಡ್ಡಿ ಇರಲಿಲ್ಲ ಅನಿಸಿತು. ಹಾಗೇ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ.

ಮಬ್ಬು ಕವಿದಾಗ ಅಕ್ಕಾತಾಯಿ ಕೈ ಮುಗಿದು ಣಮೋಕಾರ ಮಂತ್ರ ಹೇಳಿದರು. ಓಣಿ ಹತ್ತಿರ ಸರಿಯಿತು.

“ಕಾಂತಾ, ಇವ್ರು ನಮ್ಮ ಅನುಜಾನ ಗಂಡ,” ಅಂದರು. “ಮಧ್ಯಾಹ್ನದಿಂದ ಬಡಕೊಳ್ಳಾಕತ್ತೀನಿ, ಯಾರೂ ಕೇಳವಲ್ರಿ.”

ಆಮೇಲೆ ಏನಾಯಿತು ಅಂತ ಬೇರೆ ಹೇಳಬೇಕೇ? ಕಳ್ಳನಿಗೆ ಕುರ್ಚಿ ಬಂತು. ಕಾಂತಾ ತಪ್ಪಾಯಿತು ಅಂತ ಮೇಲಿಂದ ಮೇಲೆ ಕೈ ಮುಗಿದು, ಮುಂದೆ ಏನೇ ಕೆಲಸ ಇದ್ದರೂ ಹೇಳಿ ಅಂತ ಅವನ ನಂಬರ್ ತಗೊಂಡಳು. ಅತ್ತೆ ಅನುಜಾಗೆ ಫೋನ್ ಹಚ್ಚಿ, ಅಳ್ಯಾರು ಇಲ್ಲೇ ಅದಾರ, ಹೊಟ್ಟಿ ಗಟ್ಟಿ ಐತಿ, ಎರಡು ರೊಟ್ಟಿ ಉಂಡಾರ ಅಂತ ಸಂತೋಷದಿಂದ ವರದಿ ಕೊಟ್ಟರು. ಆ ಕಡೆ ಫೋನ್ ಕಟ್ಟಾಯಿತು. ಆದರೂ ಉತ್ತಮ ಮತ್ತೆ ಕೋಡ್ ತರಿಸಿದ, ಅತ್ತೆ ಈ ಸಲ ಬಾಯಿಬಿಟ್ಟು ಓದಿದರು, ಸೊನ್ನೆಯನ್ನಂತೂ ಎರಡೆರಡು ಸಲ ಹೇಳಿದರು. ಲ್ಯಾಪ್‌ಟಾಪ್ ಒಪ್ಪಿಕೊಂಡಿತು. ಉತ್ತಮನಿಗೆ ಅದನ್ನು ಎತ್ತಿ ಮುದ್ದಾಡಬೇಕು ಅನಿಸಿತು.

“ಇಷ್ಟೆಲ್ಲಾ ಒದ್ದಾಡಿದ್ದು ಯಾವ ಹಾಡಿನ ಸಲುವಾಗಿ ಅಳ್ಯಾರ? ನಮಗೂ ಒಂದೀಟು ಕೇಳಸ್ರಿ,” ಅಂದರು ಅಕ್ಕಾತಾಯಿ.

ಲ್ಯಾಪ್‌ಟಾಪಿಗೆ ದನಿ ಇರಲಿಲ್ಲ, ಸ್ಪೀಕರು ಶಹಾಪುರದಲ್ಲಿದ್ದವು. ಅತ್ತೆಯ ಫೋನ್ ಮಾತ್ರ ಸುಯೋಗ ಕೊಡಿಸಿದ ಹೊಸದು, ದನಿ ಗಂಟೆಯ ಹಾಗೆ. ಉತ್ತಮ ಅದರಲ್ಲಿ ಆ ಕೊಳಲನ್ನು ಹುಡುಕಿಕೊಟ್ಟು, ಹೀಗೆ ಒತ್ತಿದರೆ ಶುರು, ಮುಗಿದರೆ ಮತ್ತೆ ಹೀಗೆ ಅಂತ ತೋರಿಸಿದ. ಅಕ್ಕಾತಾಯಿ ಒತ್ತಿದರು, ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿದರು. ಬಸ್ಸಿಗೆ ಹೊತ್ತಾಗಿತ್ತು. ಉತ್ತಮ ಅವರ ಕಾಲಿಗೆ ನಮಸ್ಕಾರ ಮಾಡಿ ಓಡಿದ. ಮಗ್ಗ ಶುರುವಾಗುವುದು ಬೆಳಿಗ್ಗೆ. ಇನ್ನೂ ಹೊತ್ತಿತ್ತು.

ಅನುಜಾ ಮನೆಗೆ ಬಂದು ಕುಳಿತಿದ್ದಳು. ಬಯ್ಯುತ್ತಾಳೆ ಅಂತ ಉತ್ತಮ ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದ. ಅವಳು ಬಯ್ಯಲಿಲ್ಲ. ಮಾತೇ ಆಡಲಿಲ್ಲ. ಅವನು ಕರೆದ, ತಪ್ಪಾಯಿತು ಅಂದ, ಕೊಳಲಿನ ಕತೆಯನ್ನೆಲ್ಲ ಹೇಳಿದ. ಅವಳು ಗೋಡೆ ನೋಡುತ್ತ ಕುಳಿತಳು. ಓಣಿಯೂ ಸುಮ್ಮನಿತ್ತು. ಗುರುಪುತ್ರಪ್ಪನಂತೂ ದೀಪ ಆರಿಸಿ, ಉಸಿರೂ ಹೊರಗೆ ಬಿಡದೆ ಮಲಗಿದ್ದ. ತಾನು ಇಷ್ಟು ವರ್ಷ ಬೇಡಿಕೊಂಡ ನಿಶ್ಶಬ್ದ ಇಷ್ಟು ಗಟ್ಟಿಯಾಗಿ ಸಿಕ್ಕೀತು ಅಂತ ಉತ್ತಮ ಅಂದುಕೊಂಡೇ ಇರಲಿಲ್ಲ.

ಸ್ಪೀಕರು ಜೋಡಿಸಿ ಒತ್ತಿದ. ಕೊಳಲಿನ ಮೊದಲ ಉಸಿರು ಕೋಣೆಯ ತುಂಬ ಹರಡಿತು. ಅದೇ, ಅಟ್ಟದ ಮೇಲಿನ ಅದೇ ಸ್ವರ. ಅನುಜಾಳ ಮುಖವೂ ಒಂದಿಷ್ಟು ಇತ್ತ ತಿರುಗಿತು. ಅಷ್ಟರಲ್ಲಿ ನಿಂತುಬಿಟ್ಟಿತು. ಪರದೆಯ ಮೇಲೆ ಬರಹ: ‘ಈ ಖಾತೆಯಲ್ಲಿ ಇನ್ನೊಂದು ಕಡೆ ಹಾಡು ನಡೆದಿದೆ. ಒಂದು ಹೊತ್ತಿಗೆ ಒಬ್ಬರೇ ಕೇಳಬಹುದು.’ ಮತ್ತೆ ಒತ್ತಿದ. ಉಸಿರು ಬಂತು, ನಿಂತಿತು. ಮೊಬೈಲಿನಲ್ಲಾದರೂ ಕೇಳೋಣ ಅಂತ ಅದನ್ನು ಒತ್ತಿದ. ಇಷ್ಟು ದಿನ ಸರಾಗ ಗುಂಯ್‌ಗುಟ್ಟುತ್ತಿದ್ದ ದುಂಬಿಯೂ ಸುಮ್ಮನಾಯಿತು. ಹಟ ಹಿಡಿದು ಅದನ್ನೂ ಇದನ್ನೂ ಒತ್ತುತ್ತಲೇ ಇದ್ದ.

ಮೊಬೈಲ್ ಬಾರಿಸಿತು. ಕಾಂತಾ.

“ದಾದಾ, ಭಾಳ ಉಪಕಾರ ಆತು ನಿಮ್ಮಿಂದ,” ಅಂದಳು. “ಕಾಕು ನೀವು ಹೋದಾಗಿಂದ ಅದನ್ನ ಕೇಳಕೋತ ಕುಂತಾರ. ಮನಸ್ಸಿಗೆ ಎಷ್ಟೋ ಸಮಾಧಾನ ಆತಂತ ಅಂದ್ರು. ಆಗಲೇ ನೇಮಾ ತಗೊಂಡಬಿಟ್ರು. ಚಾತುರ್ಮಾಸ ಮುಗಿಯೂತನಕಾ ದಿನಾ ಹೊತ್ತ ಮುಳಗಿದ ಮ್ಯಾಲೆ ಮೌನ, ಬರೇ ಈ ಕೊಳಲು. ಆದ್ರ ಯಾಕೋ ಈಗ ನಡನಡುವ ನಿಂತ ನಿಂತ ಬರಾಕತ್ತೈತಿ. ಕಾಕು ಪಾಪ, ಮತ್ತ ಮತ್ತ ಒತ್ತಿ ಬ್ಯಾಸತ್ತಾರ. ಅಳ್ಯಾರಿಗೆ ಕೇಳು ಅಂತ ಸನ್ನಿ ಮಾಡಾಕತ್ತಾರ. ನೀವು ತಿಳದವ್ರು, ಅದೊಂದ ಸರಿ ಮಾಡಿ ಕೊಡ್ರಿ.”

ಉತ್ತಮ ಲ್ಯಾಪ್‌ಟಾಪ್ ನೋಡಿದ, ಸ್ಪೀಕರು ನೋಡಿದ, ಗೋಡೆಯ ಕಡೆ ತಿರುಗಿ ಕುಳಿತ ಹೆಂಡತಿಯನ್ನು ನೋಡಿದ. ಚಾತುರ್ಮಾಸ ಈಗಷ್ಟೇ ಶುರುವಾಗಿತ್ತು. ಅವನು ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದ.

“ಈಗ ಒತ್ತಾಕ ಹೇಳ್ರಿ. ಇನ್ನ ನಿಲ್ಲೂದಿಲ್ಲ,” ಅಂದ.

ಖಾನಾಪುರದಿಂದ, ಕಾಂತಾಳ ಫೋನಿನ ಹಿಂದಿನಿಂದ, ಕೊಳಲು ತೆಳ್ಳಗೆ ಕೇಳಿಸತೊಡಗಿತು. ನಿಲ್ಲಲಿಲ್ಲ. ಉತ್ತಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದ.

ಸರಿಯಾಯಿತು ದಾದಾ, ಧನ್ಯವಾದ ಅಂತ ಹೇಳಿ ಕಾಂತಾ ಫೋನ್ ಇಟ್ಟಳು.